ಮೇಸ್ತ್ರಿಯ ಬಾಯಿಗೆ ಮಗ ಕಟ್ಟಿದ ಹಲ್ಲು

ಮೊದಲ ತುತ್ತಿಗೇ ಮೇಸ್ತ್ರಿ ಕೆಳಗಿನ ಹಲ್ಲುಸೆಟ್ಟನ್ನು ಬಾಯಿಂದ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. ಬೇಯಿಸಿದ ಆಲೂಗಡ್ಡೆಯ ಎದುರು ಅದು ಹಲ್ಲು ಕಿರಿದುಕೊಂಡು ಕೂತಿತು.

"ಚುಚ್ಚುತ್ತೆ," ಎಂದರು.

ಮಗ ತಲೆ ಎತ್ತಲಿಲ್ಲ. "ಎಲ್ಲಿ?"

"ಎಲ್ಲಿ ಅಂತ ಅದನ್ನೇ ಕೇಳು. ಹೆತ್ತವನು ನೀನೇ ತಾನೆ?"

"ಊಟದ ಹೊತ್ತಲ್ಲಿ ಅದನ್ನ ಹೊರಗಿಡಬೇಡಿ ಅಂತ ಎಷ್ಟು ಸಲ ಹೇಳ್ಲಿ ರೀ," ಎಂದಳು ಅಮ್ಮ. ಮೇಸ್ತ್ರಿಯ ಹೆಂಡತಿ ಆ ಮನೆಯಲ್ಲಿ ಎಲ್ಲರಿಗೂ ಅಮ್ಮನೇ, ಸೊಸೆಯೊಬ್ಬಳನ್ನು ಬಿಟ್ಟು. "ನೆಂಟರು ಬಂದು ಕೂತ ಹಾಗಿರುತ್ತೆ."

"ಹಾಗಾದ್ರೆ ಅದಕ್ಕೂ ಒಂದು ತಟ್ಟೆ ಹಾಕು. ನನ್ನ ಬಾಯಲ್ಲಂತೂ ಕೂರೋ ಲಕ್ಷಣ ಇಲ್ಲ."

ಆ ಮನೆಯಲ್ಲಿ ಹಲ್ಲುಗಳು ಬಾಯಲ್ಲಿದ್ದುದಕ್ಕಿಂತ ಹೊರಗಿದ್ದುದೇ ಹೆಚ್ಚು. ಮುಂದಿನ ಕೋಣೆಯೇ ಕಾರ್ಖಾನೆ. ಹಲ್ಲಿನ ಡಾಕ್ಟರು ಬೋಳುಬಾಯಿಗಳ ಅಚ್ಚು ತೆಗೆದು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣ ಹಾಸಿ, ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಎರಕ ಹೊಯ್ದು, ಉಜ್ಜಿ ಹೊಳಪು ಕೊಟ್ಟು ಕಳಿಸುವುದು ಇವರ ಕಸುಬು. ಬೀದಿಯಲ್ಲಿ ಮನೆ ಕಟ್ಟುವ ಮೇಸ್ತ್ರಿ ಬೇರೊಬ್ಬನಿದ್ದ. ಅವನು ಕಟ್ಟಿದ್ದು ಸೋರುತ್ತಿತ್ತು, ಇವರು ಕಟ್ಟಿದ್ದು ಕಚ್ಚುತ್ತಿತ್ತು. ಗುರುತಿಗೆ ಇವರನ್ನು ಹಲ್ಲು ಮೇಸ್ತ್ರಿ ಎನ್ನುತ್ತಿದ್ದರು.

ಹಲ್ಲು ಮೇಸ್ತ್ರಿಗೆ ಒಂದು ಪದ್ಧತಿ. ಯಾವ ಸೆಟ್ಟೂ ಮಾತಾಡದೆ ಮನೆ ಬಿಡುವಂತಿರಲಿಲ್ಲ. ಕಚ್ಚಿ ನೋಡಲು ಗಿರಾಕಿಗಳು ಮನೆಗೇ ಬರುತ್ತಿದ್ದರು. ಅವರ ಕಂಠ, ಉಗ್ಗು, ಗತ್ತು ಎಲ್ಲವನ್ನೂ ಮೇಸ್ತ್ರಿ ಕಿವಿಯಲ್ಲೇ ಅಚ್ಚು ತೆಗೆದಿಡುತ್ತಿದ್ದರು. ಕೆಲಸ ಮುಗಿದ ದಿನ ಮೇಲಿನದನ್ನೂ ಕೆಳಗಿನದನ್ನೂ ಬೆರಳಲ್ಲಿ ಹಿಡಿದು ಕಟಕಟ ಆಡಿಸಿ, ಆ ಸೆಟ್ಟಿನ ಯಜಮಾನರ ದನಿಯಲ್ಲೇ ಕೂಗುತ್ತಿದ್ದರು: "ಹಲ್ಲು ಬಂತು, ಊಟ ಹಾಕಿ!" ಹೆಡ್‌ಮಾಸ್ತರರ ಸೆಟ್ಟು ಅದನ್ನು ಪಾಠದ ಹಾಗೆ ಎರಡು ಸಲ ಹೇಳುತ್ತಿತ್ತು. ತರಕಾರಿಯಾಕೆಯ ಸೆಟ್ಟು ಚೌಕಾಸಿ ಮಾಡುತ್ತಿತ್ತು. ಒಳಗಿಂದ ಅಮ್ಮ, ಯಾರ ದನಿ ಬಂದರೂ ಸರಿ, "ಬಂದೆ, ಯಾಕೆ ಕಿರುಚ್ತೀರಿ!" ಅನ್ನಬೇಕು. ಅಲ್ಲಿಗೆ ಸೆಟ್ಟು ಪಾಸು.

ಕಸುಬಿನ ನಿಯಮವೂ ಒಂದಿತ್ತು. ಬಾಯಿ ಯಾವತ್ತೂ ತಪ್ಪು ಮಾಡಲ್ಲ, ತಪ್ಪೆಲ್ಲ ಸೆಟ್ಟಿನದು. ಗಿರಾಕಿ ನೋವು ಎಂದರೆ ವಾದಿಸಬಾರದು. ಸೆಟ್ಟನ್ನು ಕೆರೆದು ಕೊಡಬೇಕು.

ಮಗನಿಗೆ ನಲವತ್ತು ದಾಟಿದ್ದರೂ ಅಪ್ಪ ಕರೆಯುತ್ತಿದ್ದುದು "ಪ್ಲಾಸ್ಟರು" ಎಂದೇ. ಪ್ಲಾಸ್ಟರ್ ಕಲಸುವುದು, ಉಜ್ಜುವುದು ಅವನ ಪಾಲು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಹಲ್ಲು ಕೂರಿಸುವ ಭಾಗ್ಯ ಅಪ್ಪನದೊಬ್ಬರದೇ. ಮೇಸ್ತ್ರಿಯ ಹಳೇ ಸೆಟ್ಟು ಸಿಂಕಿಗೆ ಬಿದ್ದು ಎರಡಾದಾಗ ಅವರೇ ಹೇಳಿದ್ದರು, "ನೀನೇ ಕಟ್ಟು. ನನ್ನ ಬಾಯಲ್ಲಿ ಕೂತರೆ ಆ ಕುರ್ಚಿ ನಿಂದು."

ಕಟ್ಟಿದ್ದ. ಕೂತಿತ್ತು, ಕೆಲವು ತಿಂಗಳು. ಆದರೂ ಅದನ್ನು ಅಪ್ಪ ಮಾತಾಡಿಸಿರಲಿಲ್ಲ. "ಮೊದಲು ಕಚ್ಚಲಿ, ಆಮೇಲೆ ಮಾತು," ಎಂದಿದ್ದರು. ಈಗ ಅದು ಅವರನ್ನೇ ಕಚ್ಚತೊಡಗಿತ್ತು.

ಊಟವಾದ ಮೇಲೆ ಮಗ ಟಾರ್ಚು ಹಿಡಿದು ನೋಡಿದ. ಎಡಗಡೆ ಕೆಳವಸಡಿನ ಮೇಲೆ ಬಟಾಣಿಯಷ್ಟು ಕೆಂಪು ಉಬ್ಬು.

"ಸ್ವಲ್ಪ ಊದಿದೆ ಅಪ್ಪ."

"ಊದದೆ? ಕೆರಿ."

ಕೆರೆದ. ಉಜ್ಜುವ ಮೋಟರಿನ ತುದಿಯಿಂದ ಗುಲಾಬಿ ಪುಡಿ ಹಾರಿತು, ಮೇಸ್ತ್ರಿ ಕೆಮ್ಮಿದರು. ಆ ಮನೆಯಲ್ಲಿ ಕೆಮ್ಮು ಕಾಯಿಲೆಯಲ್ಲ, ಹಾಜರಿ. ಪುಡಿಯಲ್ಲಿ ಬದುಕುವವರು ಕೆಮ್ಮುತ್ತಾರೆ. ಮೇಸ್ತ್ರಿ ಸಿಗರೇಟು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೆಮ್ಮು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಮುಂದಿನ ವಾರ ಮತ್ತೆ ಚುಚ್ಚಿತು. ಮತ್ತೆ ಕೆರೆದ. ಉಬ್ಬು ನೆಲಗಡಲೆಯಷ್ಟಾಯಿತು, ಸೆಟ್ಟಿನೊಳಗಿನ ಗುಳಿಯೂ ಅಷ್ಟೇ ಆಯಿತು. ಅಪ್ಪನ ಬಾಯಿ ಬೆಳೆದಂತೆಲ್ಲ ಮಗ ಜಾಗ ಬಿಡುತ್ತ ಹೋದ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದ ಮೊಮ್ಮಗಳು ಕಾರ್ಖಾನೆಯ ಬಾಗಿಲಲ್ಲಿ ನಿಂತಳು. ಎಲ್ಲರ ದನಿಯನ್ನೂ ಅಣಕಿಸುವ ಅವಳಿಗೆ ಮನೆಯಲ್ಲಿ ಗಿಣಿ ಎಂದು ಹೆಸರು. ಒಳಗೆ ತಾತ ಬೈಯುತ್ತಿದ್ದರು: "ಲೇ ಪ್ಲಾಸ್ಟರೂ! ಇದು ಹಲ್ಲೇನೋ, ಗೋರಿಕಲ್ಲೇನೋ? ಗೋಡೆಗೆ ಬಳಿಯೋ ಕೈ ನಿಂದು!" ಪಾಪ ಅಪ್ಪ ಎಂದುಕೊಂಡು ಇಣುಕಿದರೆ, ಒಳಗೆ ಅಪ್ಪ ಒಬ್ಬನೇ ಇದ್ದ. ಮೋಟರಿಗೆ ಬಗ್ಗಿ, ತಾತನ ದನಿಯಲ್ಲಿ, ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ.

"ಅಪ್ಪಾ! ನಿಂಗೂ ಬರುತ್ತಾ ಇದು? ನನಗಿಂತ ಚೆನ್ನಾಗಿ?"

ಅವನು ಕಿವಿಯವರೆಗೂ ಕೆಂಪಾದ. "ಇಪ್ಪತ್ತು ವರ್ಷ ಕೇಳಿದೀನಲ್ಲ. ಯಾರಿಗೂ ಹೇಳಬೇಡ."

ಮೊದಲು ಬಾಯಿ ಬಿಟ್ಟವಳು ಸೊಸೆ. ಅವಳು ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದಳು. ಬೆಳಗಿನ ತಿಂಡಿಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು. ಮೇಸ್ತ್ರಿ ಕಚ್ಚಿ ಇಟ್ಟ ತುಂಡಿನ ಅಂಚು ಕೆಂಪಾಗಿತ್ತು.

"ಮಾವ, ಇದು ಜಾಮಲ್ಲ. ನಾವು ಜಾಮ್ ತಂದಿಲ್ಲ."

"ಸೆಟ್ಟು ತಾಗಿರುತ್ತೆ ಬಿಡಮ್ಮ."

"ಒಂದು ವಾರದಿಂದ ಸೆಟ್ಟು ಹಾಕಿಕೊಂಡೇ ಇಲ್ಲ ನೀವು. ಬಟ್ಟಲಲ್ಲಿ ಕೂತು ಅದು ಹೇಗೆ ತಾಗುತ್ತೆ?"

ಮಗ ಚಮಚ ಕೆಳಗಿಟ್ಟ. "ಇನ್ನೊಂದು ಸ್ವಲ್ಪ ಕೆರೆದರೆ..."

"ಕೆರೆದು ಕೆರೆದು ಕೊನೆಗೆ ಹಲ್ಲು ಮಾತ್ರ ಉಳಿಯುತ್ತೆ ರೀ! ಗಿರಾಕಿಗೆ ಪ್ಯಾಂಟು ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಅಗಲ ಮಾಡ್ತೀನಿ, ಸರಿ. ಒಂದೇ ಕಡೆ ಉಬ್ಬಿದ್ರೆ ಡಾಕ್ಟರ ಹತ್ರ ಹೋಗಪ್ಪ ಅಂತೀನಿ. ನೀವು ಅಪ್ಪ ಮಗ ಇಬ್ಬರೂ ಉಬ್ಬಿಗೆ ಅಳತೆ ತೆಗೀತಾ ಕೂತಿದ್ದೀರಿ."

"ಆ ಡಾಕ್ಟರು ನನಗೆ ಬಾಯಿ ಕಳಿಸ್ತಾನೆ," ಎಂದರು ಮೇಸ್ತ್ರಿ. "ನಾನು ಅವನಿಗೆ ನನ್ನ ಬಾಯಿ ತಗೊಂಡು ಹೋಗಿ ತೋರಿಸಲಾ? ಮೇಸ್ತ್ರಿ ಬಾಯಿಗೇ ಸೆಟ್ಟು ಸೇರಿಲ್ಲ ಅಂದ್ರೆ ನಾಳೆಯಿಂದ ಯಾರು ಕೆಲಸ ಕೊಡ್ತಾರೆ?"

"ಬಾಯಿ ಇದ್ದರೆ ತಾನೆ ಕೆಲಸ ಕೇಳೋದು!"

ಅಮ್ಮ ಬ್ರೆಡ್ಡಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. "ಹೋಗಿಬನ್ನಿ ರೀ," ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಎದ್ದು ಅಂಗಿ ಹಾಕಿಕೊಂಡರು.

ಹಲ್ಲಿನ ಡಾಕ್ಟರು ಉಬ್ಬಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಮುಗಿದರೆ ಇನ್ನೊಂದು: ಎದೆಯ ಫೋಟೋ, ಸ್ಕ್ಯಾನು, ದೊಡ್ಡಾಸ್ಪತ್ರೆ. "ಬಾಯಿ ನೋವು ಅಂದ್ರೆ ಎದೆ ಯಾಕೆ ತೆಗೀತಾರೋ," ಎಂದು ಮೇಸ್ತ್ರಿ ಗೊಣಗಿದರು. "ಸೆಟ್ಟು ನುಂಗಿದೀನಿ ಅಂದ್ಕೊಂಡ್ರಾ?"

ಉತ್ತರ ಬಂದ ದಿನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಎದುರು ಕೂತಿದ್ದು ಮಗ ಮತ್ತು ಸೊಸೆ. ಮೇಸ್ತ್ರಿ ಹೊರಗಿನ ಬೆಂಚಿನಲ್ಲಿ ಗಿಣಿಯ ಜೊತೆಗಿದ್ದರು. ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟರು.

"ಇದು ಬಾಯಲ್ಲಿ ಹುಟ್ಟಿದ್ದಲ್ಲ. ಬೇರು ಇಲ್ಲಿದೆ, ಎಡ ಶ್ವಾಸಕೋಶದಲ್ಲಿ. ಕ್ಯಾನ್ಸರು. ಅಲ್ಲಿಂದ ರಕ್ತದ ಜೊತೆ ಬಂದು ವಸಡಿನಲ್ಲಿ ಕೂತಿದೆ. ಬಾಯಿಗೆ ಹೀಗೆ ಹರಡೋದು ಅಪರೂಪ. ಆದರೆ ಕೆಲವರಲ್ಲಿ ಮೊದಲು ಕಣ್ಣಿಗೆ ಬೀಳೋದೇ ಅಲ್ಲಿ."

"ಸೆಟ್ಟು ಚುಚ್ಚಿ ಚುಚ್ಚಿ ಹೀಗಾಗಿದ್ದಾ ಡಾಕ್ಟ್ರೇ?" ಎಂದ ಮಗ.

"ಇಲ್ಲಪ್ಪ. ಸೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ."

ಮಗ ಉಸಿರು ಬಿಟ್ಟ. ಎಷ್ಟು ಉದ್ದನೆಯ ಉಸಿರೆಂದರೆ, ಪಕ್ಕದಲ್ಲಿದ್ದ ಹೆಂಡತಿ ತಿರುಗಿ ನೋಡಿದಳು. ಆಗ ಅವನಿಗೆ ತಾನು ಯಾವ ಮಾತು ಕೇಳಿ ಹಗುರಾದೆ ಎಂಬುದು ಹೊಳೆದು, ಕಣ್ಣು ಎಲ್ಲಿಡಬೇಕೋ ತಿಳಿಯದೆ ಮೇಜಿನ ಮೇಲಿನ ಪೆನ್ನು ನೋಡತೊಡಗಿದ.

"ಮೊದಲೇ ಬಂದಿದ್ರೆ?" ಎಂದಳು ಸೊಸೆ.

"ಈಗ ಬಂದಿದ್ದೀರಲ್ಲ, ಅದನ್ನ ನೋಡೋಣ. ಪೂರ್ತಿ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಡ್ರಿಪ್ಪಿನಲ್ಲಿ ಔಷಧ ಶುರು ಮಾಡಿದ್ರೆ ಗಂಟು ಇಳಿಯಬಹುದು. ಊಟ ಮಾಡಬಹುದು, ಮಾತಾಡಬಹುದು, ಒಂದಿಷ್ಟು ಕಾಲ ಸಿಗಬಹುದು. ಬಿಟ್ಟರೆ ಬಾಯಿ ಮುಚ್ಚೋಕೂ ಕಷ್ಟ ಆಗುತ್ತೆ. ಅವರಿಗೆ ಹೇಳಿ ಕರಕೊಂಡು ಬನ್ನಿ. ಹೇಳದೆ ನಾನು ಸೂಜಿ ಚುಚ್ಚಲ್ಲ."

ಹೊರಗೆ ಮೇಸ್ತ್ರಿ ಟೋಕನ್ ಕೂಗುವವನ ಮೂಗಿನ ದನಿಯನ್ನು ಅನುಕರಿಸುತ್ತಿದ್ದರು. ಕೆನ್ನೆ ದಪ್ಪವಾಗಿದ್ದರಿಂದ ಅಂಕಿಗಳು ಒದ್ದೆ ಬಟ್ಟೆಯ ಹಾಗೆ ಬೀಳುತ್ತಿದ್ದವು. ಗಿಣಿ ನಕ್ಕು, ನಗುತ್ತಲೇ ತಾಯಿಯ ಮುಖ ನೋಡಿ, ನಿಲ್ಲಿಸಿದಳು.

ಸುದ್ದಿ ಕೇಳಿದಾಗ ಅಮ್ಮ ಅಡಿಗೆಮನೆಯಲ್ಲಿ ಕ್ಯಾರೆಟ್ ಹೆರೆಯುತ್ತಿದ್ದಳು. ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಅವರಿಗೆ ಹೇಳಕೂಡದು."

"ಹೇಳದೆ ಔಷಧ ಕೊಡಲ್ಲವಂತೆ ಅಮ್ಮ."

"ಅವರಣ್ಣನಿಗೆ ಈ ಕಾಯಿಲೆ ಹೆಸರು ಹೇಳಿದ್ರು. ಅವತ್ತಿನಿಂದಲೇ ಅವರು ತಟ್ಟೆ ಮುಟ್ಟಲಿಲ್ಲ. ಕಾಯಿಲೆ ಕೊಲ್ಲೋಕೆ ಮುಂಚೆ ಹೆಸರೇ ಕೊಂದಿತು. ಪಕ್ಕದಲ್ಲಿ ಕೂತು ನೋಡಿದವರು ಇವರು. ಬೇಡ."

"ಮತ್ತೆ ಏನು ಹೇಳ್ಲಿ?"

"ಸೆಟ್ಟಿನ ಗಾಯ ಕೀವಾಗಿದೆ ಅನ್ನು. ಅದಕ್ಕೇ ಔಷಧ ಅನ್ನು."

"ಅಂದ್ರೆ ತಪ್ಪು ನಂದು."

"ಸ್ವಲ್ಪ ದಿನ ನಿಂದೇ ಆಗಿರ್ಲಿ! ಕರಗಿಹೋಗ್ತೀಯಾ? ನೀನೇನು ಮೇಣಾನಾ?"

ಕ್ಯಾರೆಟ್ ಮುಗಿದು ಅವಳು ಬೆರಳನ್ನೇ ಹೆರೆದುಕೊಂಡಿದ್ದಳು. ಮಗ ಅವಳ ಕೈಯಿಂದ ಚಾಕು ತೆಗೆದುಕೊಂಡು, ಸರಿ ಎಂದ.

ಮೇಸ್ತ್ರಿ ಸುಳ್ಳನ್ನು ಸುಲಭವಾಗಿ ನಂಬಿದರು. ನಂಬಲು ಅವರು ಮೊದಲೇ ತಯಾರಿದ್ದರು. ಮರುದಿನ ಕಿಟಕಿಯ ಬಳಿಯ ಕುರ್ಚಿಯ ಮೇಲೆ ಪ್ಲಾಸ್ಟರ್ ಚೀಲ ಎತ್ತಿಡಿಸಿದರು, ಮಗನ ಕೈಯಿಂದಲೇ. ಬ್ಯಾಂಕಿನ ಕಾವಲುಗಾರ ಕಚ್ಚಿ ನೋಡಲು ಬಂದಾಗ ಕೆನ್ನೆ ಸರಿಸಿ ತೋರಿಸಿದರು.

"ನೋಡ್ಕೊ. ಇದು ನನ್ನ ಮಗ ಕಟ್ಟಿದ ಸೆಟ್ಟು ಮಾಡಿದ್ದು. ನನ್ನ ಕೈ ಈಗ ನಡುಗುತ್ತೆ. ನಿನ್ನ ಕೆಲಸ ಬೇರೆ ಕಡೆ ಕೊಡಿಸ್ತೀನಿ."

ಕಾವಲುಗಾರ ಮಗನ ಮುಖ ನೋಡಿದ. ಮಗ ಪ್ಲಾಸ್ಟರ್ ಕಲಸುತ್ತಿದ್ದ. ಕಲಸಿದ್ದು ಬಟ್ಟಲಲ್ಲೇ ಕಲ್ಲಾಯಿತು.

ರಾತ್ರಿ ಸೂಪು ಬಡಿಸುವಾಗ ಸೊಸೆಯ ತಾಳ್ಮೆ ಹರಿಯಿತು. ಮೇಸ್ತ್ರಿ ಒಳಗೆ ಮಲಗಿದ್ದರು.

"ಅತ್ತೆ, ಕಾವಲುಗಾರ ಬೀದಿಯೆಲ್ಲ ಹೇಳ್ಕೊಂಡು ಬಂದಿದ್ದಾನೆ. ನಾಳೆ ಮಾವನೂ ಇರಲ್ಲ, ಇವರ ಹೆಸರೂ ಇರಲ್ಲ. ಆಗ ಏನು ಮಾಡೋದು?"

"ಇರಲ್ಲ ಅನ್ನಬೇಡ!"

"ಅನ್ನದಿದ್ರೆ ಇರ್ತಾರಾ?"

"ನೀನು ಹೊರಗಿಂದ ಬಂದವಳು. ನಿನಗೇನು ಗೊತ್ತು ಅವರ ಹೆದರಿಕೆ."

"ಹೊರಗಿಂದ ಬಂದವಳೇ. ಬ್ರೆಡ್ಡಿನ ಮೇಲೆ ರಕ್ತ ನೋಡಿದವಳೂ ನಾನೇ. ಒಳಗಿನವರಿಗೆಲ್ಲ ಅದು ಜಾಮು!"

"ಏನದು ಗುಸುಗುಸು?" ಒಳಗಿಂದ ಮೇಸ್ತ್ರಿಯ ದಪ್ಪ ದನಿ ಬಂತು.

ಗಿಣಿಯೇ ಪಕ್ಕದ ಮನೆಯಾಕೆಯ ಕೀರಲು ದನಿ ತೆಗೆದು, "ಸಕ್ಕರೆ ಕೇಳೋಕೆ ಬಂದೆ ಮೇಸ್ತ್ರೀ!" ಎಂದಳು. ಒಳಗೆ ನಗು ಬರಲಿಲ್ಲ, ಕೆಮ್ಮು ಬಂತು, ತುಂಬ ಹೊತ್ತು.

ಡ್ರಿಪ್ಪಿನ ವಿಷಯ ತೆಗೆದಾಗ ಅಮ್ಮನ ಸುಳ್ಳು ಅಮ್ಮನಿಗೇ ತಿರುಗಿಬಿತ್ತು.

"ಸೆಟ್ಟು ಚುಚ್ಚಿದ್ದಕ್ಕೆ ಡ್ರಿಪ್ಪಾ?" ಎಂದರು ಮೇಸ್ತ್ರಿ. "ನಾಳೆ ಚಪ್ಪಲಿ ಕಚ್ಚಿದ್ರೆ ಕಾಲು ಕತ್ತರಿಸ್ತೀರಾ? ಉಪ್ಪುನೀರು ಮುಕ್ಕಳಿಸಿದ್ರೆ ಹೋಗುತ್ತೆ. ನಾನು ಬರಲ್ಲ."

"ಒಂದು ಸಲ ಬನ್ನಿ ರೀ."

"ಬರಲ್ಲ ಅಂದ್ನಲ್ಲ!"

ಆಸ್ಪತ್ರೆಯಿಂದ ಫೋನು ಬಂತು. ಹೇಳಿದಿರಾ? ಇನ್ನೂ ಇಲ್ಲ. ಮತ್ತೊಂದು ವಾರ ಹೋಯಿತು, ಮತ್ತೊಂದು ಫೋನು ಬಂತು. ಗಂಟು ತುಟಿಯಂಚಿಗೆ ಬಂದು ಕಾಣತೊಡಗಿತ್ತು. ಚಮಚ ಒಳಹೋಗದೆ ಮೇಸ್ತ್ರಿ ಬಲಗಡೆಯಿಂದ ಕೊಳವೆಯಲ್ಲಿ ಹಾಲು ಎಳೆದುಕೊಳ್ಳುತ್ತಿದ್ದರು. ಮಗ ಎರಡು ಸಲ ಅಪ್ಪನ ಮಂಚದವರೆಗೆ ಹೋಗಿ, ದಿಂಬು ಸರಿಮಾಡಿ ವಾಪಸು ಬಂದ. ಎರಡು ಸಲವೂ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ಆ ದಿನ ಮಗ ಪೇಟೆಯಿಂದ ಬಂದಾಗ ಕಾರ್ಖಾನೆಯ ಬಾಗಿಲು ಅರ್ಧ ತೆರೆದಿತ್ತು. ಮೇಸ್ತ್ರಿ ಮೇಜಿನ ಮುಂದೆ ನಿಂತಿದ್ದರು. ಗೂಡಿನಿಂದ ತಮ್ಮದೇ ಬಾಯಿಯ ಪ್ಲಾಸ್ಟರ್ ಅಚ್ಚು ಇಳಿಸಿಕೊಂಡಿದ್ದರು. ಈ ಸೆಟ್ಟು ಕಟ್ಟಲು ತೆಗೆದದ್ದು, ಇನ್ನೂ ಉಬ್ಬಿಲ್ಲದ ಕಾಲದ್ದು. ಅದರ ಮೇಲೆ ಕೆಳಗಿನ ಸೆಟ್ಟು ಕೂರಿಸಿದ್ದರು.

"ಬಾ ಇಲ್ಲಿ," ಎಂದರು. ಮಾತು ನಿಧಾನ, ಒಂದೊಂದನ್ನೇ ಗಂಟಿನ ಸುತ್ತ ಹಾಯಿಸಿ ಹೊರಗೆ ತರಬೇಕಿತ್ತು. "ಅಲುಗಾಡಿಸು."

ಮಗ ಬೆರಳಿಟ್ಟು ಅಲುಗಾಡಿಸಿದ. ಸೆಟ್ಟು ಕದಲಲಿಲ್ಲ.

"ಕೂದಲು ತೂರಲ್ಲ. ಎಡಗಡೆ ಗುಳಿ ಒಂದು ಬಿಟ್ಟು. ಅದನ್ನ ಕೆರೆದದ್ದು ಯಾರು?"

"ನಾನೇ."

"ಯಾಕೆ?"

"ನೀವು ಚುಚ್ಚುತ್ತೆ ಅಂದ್ರಿ."

ಮೇಸ್ತ್ರಿ ಮೇಣದ ತುಂಡೊಂದನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಸೆಟ್ಟಿನ ಗುಳಿಯೊಳಗೆ ಒತ್ತಿ, ಆರಿದ ಮೇಲೆ ಕಿತ್ತು ಮಗನ ಅಂಗೈ ಮೇಲಿಟ್ಟರು. ನೆಲಗಡಲೆಗಿಂತ ದೊಡ್ಡದು.

"ಇದು ನೀನು ಕೆರೆಯೋದು ನಿಲ್ಲಿಸಿದ ದಿನದ ಅಳತೆ. ಈಗ ಬಾಯಲ್ಲಿರೋದು ಇದರ ಎರಡರಷ್ಟಿದೆ. ಸೆಟ್ಟು ಎಬ್ಬಿಸಿದ ಊತ ಸೆಟ್ಟು ತೆಗೆದರೆ ಇಳಿಯುತ್ತೆ ಕಣೋ. ಎಷ್ಟು ಬಾಯಿ ನೋಡಿದೀನಿ. ನಾನು ಇದನ್ನ ಹಾಕಿಕೊಂಡು ಎಷ್ಟು ಕಾಲ ಆಯ್ತು! ಬಾಯಿ ತಪ್ಪು ಮಾಡಲ್ಲ ಅಂತ ನಾನೇ ಹೇಳಿ ಹೇಳಿ... ಇದೊಂದು ಸಲ ಅಚ್ಚು ಇಳಿಸಿ ನೋಡಲಿಲ್ಲ ನೋಡು ನಾನು. ನಿನ್ನನ್ನ ಬೈಯೋದೇ ಸುಲಭವಾಗಿತ್ತು." ಕೆಮ್ಮಿ, ಬಾಯಿ ಒರೆಸಿಕೊಂಡರು. "ಹೇಳು ಈಗ."

ಮಗ ಬಾಗಿಲ ಕಡೆ ನೋಡಿದ. ಅಮ್ಮ ಇರಲಿಲ್ಲ, ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು.

"ಶ್ವಾಸಕೋಶದಲ್ಲಿ ಶುರುವಾಗಿದೆ ಅಪ್ಪ. ಬಾಯಿಗೆ ಬಂದಿರೋದು ಅಲ್ಲಿಂದ."

"ಅಣ್ಣನ ಕಾಯಿಲೆಯಾ?"

"ಹೂಂ. ಜಾಗ ಬೇರೆ."

ಮೇಸ್ತ್ರಿ ಮೇಜಿನ ಅಂಚು ಹಿಡಿದುಕೊಂಡರು. ಅವರ ಕಣ್ಣು ಗೂಡಿನಲ್ಲಿದ್ದ ಪ್ಲಾಸ್ಟರ್ ಬಾಯಿಗಳ ಸಾಲಿನ ಮೇಲೆ ಓಡಿತು. ಹೆಡ್‌ಮಾಸ್ತರು, ತರಕಾರಿಯಾಕೆ, ಅರ್ಧಕ್ಕೆ ನಿಂತ ಕಾವಲುಗಾರ.

"ಡಾಕ್ಟರು ಏನಂದ್ರು?"

"ಪೂರ್ತಿ ವಾಸಿ ಆಗುತ್ತೆ ಅನ್ನಲಿಲ್ಲ. ಡ್ರಿಪ್ಪು ತಗೊಂಡ್ರೆ ಗಂಟು ಇಳಿಯಬಹುದು, ಊಟ ಮಾಡಬಹುದು ಅಂದ್ರು."

"ಮತ್ತೆ ಎಲ್ಲರೆದುರು ಬೈಸಿಕೊಂಡೆಯಲ್ಲ. ಬಾಯಿ ಇರಲಿಲ್ವಾ ನಿನಗೆ?"

"ಅಮ್ಮ..." ಎಂದ ಮಗ, ಅಲ್ಲಿಗೇ ನಿಲ್ಲಿಸಿದ.

"ಗೊತ್ತಾಯ್ತು ಬಿಡು." ಮೇಸ್ತ್ರಿ ಕಿಟಕಿಯ ಕಡೆ ಕೈ ತೋರಿಸಿದರು. "ಆ ಚೀಲ ಇಳಿಸು. ಕೂತ್ಕೊ."

ಮಗ ಚೀಲ ಇಳಿಸಿದ. ಕುರ್ಚಿಯ ಮೇಲೆ ಬಿಳಿ ಪುಡಿಯ ದೊಡ್ಡ ಕಲೆ. ಒರೆಸಲು ಹೋದವನನ್ನು ತಡೆದರು. "ಪ್ಲಾಸ್ಟರಿಗೆ ಪ್ಲಾಸ್ಟರ್ ಹತ್ತಿದರೇನಾಯ್ತು, ಕೂತ್ಕೊ." ಕೂತ. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡನ್ನೂ ಅವನ ಕೈಗಿತ್ತರು.

"ಇದು ಇನ್ನೂ ಮಾತಾಡಿಲ್ಲ. ನನಗೀಗ ಆಗಲ್ಲ. ನೀನು ಮಾತಾಡಿಸು."

"ನನಗೆ ಬರಲ್ಲ ಅಪ್ಪ."

"ಗಿಣಿ ಹೇಳಿದಾಳೆ ಬರುತ್ತೆ ಅಂತ. ಗುಟ್ಟಿನಲ್ಲಿ ಬೈಕೊಳ್ಳೋಕೆ ಬರುತ್ತೆ, ಕರೆಯೋಕೆ ಬರಲ್ವಾ?"

ಮಗ ಸೆಟ್ಟನ್ನು ಬೆರಳಲ್ಲಿ ಹಿಡಿದ. ಒಂದು ಸಲ ಆಡಿಸಿದ, ಕಟಕ್ ಎಂದಿತು. ಗಂಟಲು ಸರಿಮಾಡಿಕೊಂಡ, ಅಪ್ಪ ಮಾಡಿಕೊಳ್ಳುತ್ತಿದ್ದ ಹಾಗೆಯೇ. ಆಮೇಲೆ ಕಟಕಟ ಹಲ್ಲಾಡಿಸಿ ಕೂಗಿದ:

"ಎಲ್ಲಿ ಸತ್ತೆಯೇ! ಹಲ್ಲು ಬಂತು, ಊಟ ಹಾಕು!"

ಗಂಟಿಲ್ಲದ, ಕೆಮ್ಮಿಲ್ಲದ ದನಿ. ಎಷ್ಟೋ ವಾರಗಳಿಂದ ಆ ಮನೆ ಕೇಳಿರದ ಮೇಸ್ತ್ರಿಯ ಪೂರ್ತಿ ದನಿ. ಹಿಂದಿನ ಕೋಣೆಯ ಹೊಲಿಗೆ ಮೆಷಿನ್ನು ತಟ್ಟನೆ ನಿಂತಿತು. ಅಡಿಗೆಮನೆಯಲ್ಲಿ ಏನೋ ಕೈಜಾರಿ ಬಿದ್ದು ಉರುಳಿತು.

"ಬಂದೆ ರೀ! ಬಂದೆ, ಯಾಕೆ ಕಿರು..."

ಬಾಗಿಲಿಗೆ ಓಡಿಬಂದ ಅಮ್ಮನ ಕೈಯಲ್ಲಿ ಖಾಲಿ ತಟ್ಟೆಯಿತ್ತು. ಅವಳು ಗಂಡನನ್ನು ನೋಡಿದಳು, ಅವರ ಬಾಯಿ ಮುಚ್ಚಿತ್ತು. ಕುರ್ಚಿಯಲ್ಲಿದ್ದ ಮಗನನ್ನು ನೋಡಿದಳು, ಅವನ ಕೈಯಲ್ಲಿದ್ದ ಹಲ್ಲನ್ನು ನೋಡಿದಳು, ಮೇಜಿನ ಮೇಲಿನ ಮೇಣದ ಗಂಟನ್ನು ನೋಡಿದಳು.

ಮೇಸ್ತ್ರಿ ನಕ್ಕರು. ನೋವಾಗಿ ಕೆನ್ನೆ ಹಿಡಿದುಕೊಂಡರು.

"ಸೆಟ್ಟು ಸರಿಯಾಗೇ ಇದೆ ಕಣೇ," ಎಂದರು. "ತಟ್ಟೆ ಖಾಲಿ ತಂದಿದ್ದೀಯಲ್ಲ. ನಾನು ಅಣ್ಣನ ಹಾಗೆ ಊಟ ಬಿಡ್ತೀನಿ ಅಂತ ಯಾರು ಹೇಳಿದ್ದು ನಿಂಗೆ? ಹಾಲು ತಗೊಂಡ್ಬಾ, ಕೊಳವೆ ಹಾಕಿ. ಬೆಳಿಗ್ಗೆ ಆಸ್ಪತ್ರೆಗೆ ಬೇಗ ಹೊರಡಬೇಕು."